ಪ್ರತಿಕಾಯಗಳ ಐದು ವರ್ಗಗಳು: ವಿಂಗಡಣೆಯ ಚರಿತ್ರೆ

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನರೂ ತೀವ್ರ ಜ್ವರಕ್ಕೆ ತುತ್ತಾದರು. ಪೀತಜ್ವರ ಭಾರತಕ್ಕೂ ಕಾಲಿಟ್ಟಿತೆ ಎಂಬ ಶಂಕೆ ಮೂಡಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಹೊಸದೊಂದು ವೈರಸ್ಸನ್ನು ಬೇರ್ಪಡಿಸಿದರು. ಅದು ರಷ್ಯದಲ್ಲಿ ಉಣ್ಣಿಗಳಿಂದ ಹರಡುವ ಮಿದುಳುಜ್ವರದ ವೈರಸ್ಸಿನ ಬಳಗಕ್ಕೆ ಸೇರಿದ್ದೆಂದು ಪ್ರತಿಕಾಯ ಪರೀಕ್ಷೆಗಳು ತೋರಿಸಿದವು. ಇದೇ ಕ್ಯಾಸನೂರು ಕಾಡಿನ ಕಾಯಿಲೆ. ಜನರ ಬಾಯಲ್ಲಿ ಮಂಗನ ಕಾಯಿಲೆ.

ಆಗಿನ ಪರೀಕ್ಷೆಗಳಿಗೆ ಒಂದು ಮಿತಿ ಇತ್ತು. ರಕ್ತದಲ್ಲಿ ಪ್ರತಿಕಾಯ ಇದೆಯೆಂದು ತಿಳಿದರೂ ಅದು ಈಗಿನ ಸೋಂಕಿನದೋ ಹಿಂದಿನದೋ ಎಂದು ಒಂದೇ ಮಾದರಿಯಿಂದ ಹೇಳುವುದು ಕಷ್ಟವಾಗಿತ್ತು. ಜ್ವರದ ಮೊದಲ ದಿನಗಳಲ್ಲಿ ಒಮ್ಮೆ, ಕೆಲವು ವಾರಗಳ ಬಳಿಕ ಮತ್ತೊಮ್ಮೆ ರಕ್ತ ತೆಗೆದು ಪ್ರತಿಕಾಯದ ಮಟ್ಟ ಏರಿದೆಯೇ ಎಂದು ನೋಡಬೇಕಿತ್ತು. ಉತ್ತರ ದೊರೆಯುವ ಹೊತ್ತಿಗೆ ರೋಗಿ ಚೇತರಿಸಿಕೊಂಡಿರುತ್ತಿದ್ದ, ಇಲ್ಲವೆ ತೀರಿಕೊಂಡಿರುತ್ತಿದ್ದ. ಪ್ರತಿಕಾಯಗಳಲ್ಲಿ ಹಲವು ವರ್ಗಗಳಿವೆ ಎಂಬ ಅರಿವು ಈ ತೊಡಕನ್ನು ಬಿಡಿಸಿತು. ಆ ಅರಿವಿಗೆ ದಾರಿ ತೆರೆದವು ಭೌತವಿಜ್ಞಾನದ ಎರಡು ಉಪಕರಣಗಳು.

ವಿದ್ಯುತ್ ಕ್ಷೇತ್ರದಲ್ಲಿ ಸೀರಮ್

1890ರಲ್ಲಿ ಬರ್ಲಿನ್‌ನಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಒಂದು ಮಹತ್ವದ ಸಂಗತಿಯನ್ನು ತೋರಿಸಿದ್ದರು. ಧನುರ್ವಾಯುವಿನ ವಿರುದ್ಧ ರಕ್ಷೆ ಪಡೆದ ಪ್ರಾಣಿಯ ಸೀರಮ್ ಇನ್ನೊಂದು ಪ್ರಾಣಿಯನ್ನೂ ಕಾಪಾಡುತ್ತದೆ. ಆದರೆ ಕಾಪಾಡುವ ವಸ್ತು ಯಾವುದು? ಸುಮಾರು ಅರ್ಧ ಶತಮಾನ ಅದು ಸ್ಪಷ್ಟವಾಗಲಿಲ್ಲ.

ದ್ರಾವಣದಲ್ಲಿರುವ ಪ್ರೋಟೀನು ಅಣುಗಳಲ್ಲಿ ವಿದ್ಯುದಾವೇಶ ಇರುತ್ತದೆ. ವಿದ್ಯುತ್ ಕ್ಷೇತ್ರದಲ್ಲಿ ಒಂದೊಂದು ಬಗೆಯ ಅಣು ಒಂದೊಂದು ವೇಗದಲ್ಲಿ ಚಲಿಸುತ್ತದೆ. ಈ ತತ್ತ್ವವನ್ನು ಬಳಸಿ ಸ್ವೀಡನ್ನಿನ ಉಪ್ಸಾಲದಲ್ಲಿ ಟಿಸೇಲಿಯಸ್ 1937ರಲ್ಲಿ ಸೀರಮ್ಮಿನ ಪ್ರೋಟೀನುಗಳನ್ನು ಆಲ್ಬುಮಿನ್ ಮತ್ತು ಆಲ್ಫ, ಬೀಟ, ಗ್ಯಾಮ ಗ್ಲಾಬ್ಯುಲಿನ್‌ಗಳಾಗಿ ಬೇರ್ಪಡಿಸಿದರು. 1939ರಲ್ಲಿ ಅವರೂ ಕಬಾಟ್ ಅವರೂ ಮೊಟ್ಟೆಯ ಬಿಳಿಭಾಗದ ಪ್ರೋಟೀನು ಚುಚ್ಚಿದ ಮೊಲಗಳ ಸೀರಮ್ಮನ್ನು ಪರೀಕ್ಷಿಸಿದರು. ಅದೇ ಪ್ರೋಟೀನನ್ನು ಸೀರಮ್ಮಿಗೆ ಬೆರೆಸಿ ಪ್ರತಿಕಾಯಗಳನ್ನು ಗರಣೆಗಟ್ಟಿಸಿ ತೆಗೆದಾಗ ಗ್ಯಾಮ ಭಾಗವೇ ಕುಗ್ಗಿತು. ಪ್ರತಿಕಾಯದ ನೆಲೆ ತಿಳಿಯಿತು.

ಭಾರದ ಭೇದ

ಮಳೆಗಾಲದಲ್ಲಿ ಮೈಲಾರದ ಬಳಿ ತುಂಗಭದ್ರೆಯ ಕೆಂಪು ನೀರನ್ನು ಕೊಡದಲ್ಲಿ ತುಂಬಿಟ್ಟರೆ ಏನಾಗುತ್ತದೆ? ಮರಳು ಬೇಗ ತಳ ಸೇರುತ್ತದೆ. ನುಣ್ಣನೆಯ ಮಣ್ಣು ಇಳಿಯಲು ಬಹಳ ಹೊತ್ತು ಬೇಕು. ಪ್ರೋಟೀನು ಅಣುಗಳಾದರೋ ಎಷ್ಟು ಹೊತ್ತಾದರೂ ತಳ ಸೇರವು. ಸುತ್ತಲಿನ ನೀರಿನ ಅಣುಗಳ ಉಷ್ಣ ಚಲನೆ ಅವನ್ನು ತೇಲಿಸಿಯೇ ಇಡುತ್ತದೆ. ಉಪ್ಸಾಲದಲ್ಲೇ ಸ್ವೆಡ್‌ಬರ್ಗ್ 1920ರ ದಶಕದಲ್ಲಿ ರೂಪಿಸಿದ ಅಲ್ಟ್ರಾಸೆಂಟ್ರಿಫ್ಯೂಜ್, ಮುಂದೆ ಸುಧಾರಣೆಗೊಂಡು, ಗುರುತ್ವದ ಲಕ್ಷ ಪಟ್ಟಿಗೂ ಮೀರಿದ ಬಲವನ್ನು ಒದಗಿಸಿತು. ಅಣು ತಳಕ್ಕಿಳಿಯುವ ವೇಗವನ್ನು ಅದರ ಮೇಲಿನ ವೇಗೋತ್ಕರ್ಷದಿಂದ ಭಾಗಿಸಿದರೆ ಕಾಲದ ಮಾನ ಬರುತ್ತದೆ. ಅದರ ಏಕಮಾನವೇ ಸ್ವೆಡ್‌ಬರ್ಗ್ ಅಥವಾ 'ಎಸ್': ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲು.

1937ರಲ್ಲಿ ಹೈಡೆಲ್‌ಬರ್ಗರ್ ಮತ್ತು ಪೆಡರ್ಸನ್, ನ್ಯುಮೋನಿಯ ಬ್ಯಾಕ್ಟೀರಿಯದ ವಿರುದ್ಧ ಕುದುರೆಯಲ್ಲಿ ಹುಟ್ಟಿದ ಪ್ರತಿಕಾಯ ಮೊಲದ್ದಕ್ಕಿಂತ ಹಲವು ಪಟ್ಟು ಭಾರವೆಂದು ಕಂಡರು. ಹೀಗೆ 7 ಎಸ್ ಮತ್ತು 19 ಎಸ್ ಎಂಬ ಎರಡು ಗುಂಪುಗಳು ಗುರುತಿಗೆ ಬಂದವು. ಅವುಗಳ ಅಣುತೂಕ ಕ್ರಮವಾಗಿ ಸುಮಾರು 1.5 ಲಕ್ಷ ಮತ್ತು 9 ಲಕ್ಷ. 1960ರ ದಶಕದ ಮೊದಲ ವರ್ಷಗಳಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಇನ್ನೊಂದು ಸಂಗತಿ ಹೊರಬಿತ್ತು. ಹೊಸ ಪ್ರತಿಜನಕ ದೇಹವನ್ನು ಹೊಕ್ಕಾಗ ಮೊದಲು ಕಾಣಿಸಿಕೊಳ್ಳುವುದು ಭಾರವಾದ 19 ಎಸ್. ಬಳಿಕ 7 ಎಸ್ ಮೇಲುಗೈ ಪಡೆಯುತ್ತದೆ.

ಐದು ಹೆಸರು, ಐದು ಕೆಲಸ

1964ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಈ ಪ್ರೋಟೀನುಗಳಿಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಮಾನ ಹೆಸರು ನಿಗದಿಯಾಯಿತು. 19 ಎಸ್ ಗುಂಪಿನದು ಐಜಿಎಂ. ಇಂಗ್ಲಿಷಿನ 'ವೈ' ಆಕಾರದ ಐದು ಘಟಕಗಳು ಕೂಡಿ ಆದ ಅಣು ಇದು. ಒಂದೊಂದು ತೋಳಿನ ಹಿಡಿತ ಸಡಿಲವಾದರೂ ಹತ್ತು ತೋಳುಗಳು ಸೇರಿ ಬಿಗಿಯಾಗಿ ಹಿಡಿಯುತ್ತವೆ. 7 ಎಸ್ ಗುಂಪಿನ ಮುಖ್ಯ ಸದಸ್ಯ ಐಜಿಜಿ. ಸೀರಮ್ಮಿನ ಪ್ರತಿಕಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಇದೇ. ತಾಯಿಯಿಂದ ಮಾಸುವಿನ ಮೂಲಕ ಶಿಶುವಿಗೆ ದಾಟಬಲ್ಲದ್ದೂ ಇದೊಂದೇ.

ಐಜಿಎ ಕಣ್ಣೀರು, ಜೊಲ್ಲು, ಕರುಳಿನ ಲೋಳೆ ಮತ್ತು ಎದೆಹಾಲಿನ ಕಾವಲುಗಾರ. ಬಾಣಂತಿಯ ಮೊದಲ ಹಳದಿ ಹಾಲಿನಲ್ಲಿ ಇದು ಹೇರಳ. 1965ರಲ್ಲಿ ಗುರುತಾದ ಐಜಿಡಿ ಹೆಚ್ಚಾಗಿ ಬಿ ಜೀವಕೋಶಗಳ ಮೇಲ್ಮೈಯಲ್ಲಿರುತ್ತದೆ. 1966-67ರಲ್ಲಿ ಪತ್ತೆಯಾದ ಐಜಿಇ ಪ್ರಮಾಣದಲ್ಲಿ ಅತ್ಯಲ್ಪ. ಜಂತುಹುಳುಗಳ ವಿರುದ್ಧ ನೆರವಾಗುವ ಇದೇ, ಪಾರ್ಥೇನಿಯಂ ಪರಾಗ ಮೂಗಿಗೆ ಹೊಕ್ಕಾಗ ಕೆಲವರಲ್ಲಿ ಸೀನಿನ ಸುರಿಮಳೆ ತರಿಸುತ್ತದೆ.

ಮತ್ತೆ ಮಲೆನಾಡಿಗೆ

ವರ್ಗಗಳು ಬೇರೆಯೆಂದು ತಿಳಿದ ಮೇಲೆ ಒಂದೊಂದನ್ನೂ ಪ್ರತ್ಯೇಕವಾಗಿ ಅಳೆಯುವ ಹಾದಿ ತೆರೆಯಿತು. 1971ರಲ್ಲಿ ಬಂದ ಎಲೈಸಾ ವಿಧಾನ ಅದನ್ನು ಸುಲಭಗೊಳಿಸಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಮಂಗನ ಕಾಯಿಲೆಗೆ ರೂಪಿಸಿದ ಐಜಿಎಂ ಎಲೈಸಾದ ವಿವರ 2012ರಲ್ಲಿ ಪ್ರಕಟವಾಯಿತು. ತಟ್ಟೆಗೆ ಅಂಟಿಸಿದ ಪ್ರತಿಕಾಯ, ರೋಗಿಯ ಸೀರಮ್ಮಿನಿಂದ ಐಜಿಎಂ ಅನ್ನು ಮಾತ್ರ ಹಿಡಿದಿಡುತ್ತದೆ. ಅದು ಈ ವೈರಸ್ಸಿಗೆ ಅಂಟುವಂಥದೇ ಎಂದು ಮುಂದಿನ ಹಂತದಲ್ಲಿ ತಿಳಿಯುತ್ತದೆ. ಜ್ವರದ ಮೊದಲ ದಿನಗಳಲ್ಲಿ ಪಿಸಿಆರ್ ಪರೀಕ್ಷೆ ವೈರಸ್ಸನ್ನೇ ಪತ್ತೆಮಾಡುತ್ತದೆ. ಕೆಲವು ದಿನಗಳ ಬಳಿಕ ಐಜಿಎಂ ಸಾಕ್ಷಿ ಸಿಗುತ್ತದೆ. ಐಜಿಜಿ ಮಾತ್ರ ಇದ್ದರೆ ಸೋಂಕು ಹಳೆಯದಿರಬಹುದು. ಐಜಿಎಂ ಕೆಲವು ವಾರ ಉಳಿಯಬಹುದಾದ್ದರಿಂದ ರೋಗಲಕ್ಷಣಗಳನ್ನೂ ಜೊತೆಗಿಟ್ಟು ನೋಡಬೇಕು.

ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧಿ ಇಲ್ಲ. ರೋಗವನ್ನು ಬೇಗ ಗುರುತಿಸಿದರೆ ರೋಗಿಗೆ ಸಕಾಲದ ಆರೈಕೆ ಸಿಗುತ್ತದೆ. ಯಾವ ಕಾಡಿನಲ್ಲಿ ಉಣ್ಣಿಗಳ ಅಪಾಯವಿದೆ ಎಂದು ಸೌದೆ, ತರಗೆಲೆಗೆ ಹೋಗುವ ಊರಿನವರಿಗೆ ಎಚ್ಚರಿಕೆ ಕೊಡುವುದೂ ಸಾಧ್ಯವಾಗುತ್ತದೆ.