ಮಾದರಿ ಬಟ್ಟೆಯ ಚರಿತ್ರೆ: ಸೂಜಿಯಲ್ಲಿ ಸಾಗಿ ಬಂದ ಪರಂಪರೆ

ಧರ್ಮಸಭೆಯ ಚರಿತ್ರೆಯನ್ನು ಬರೆಯಲು ಕುಳಿತಾಗ ನಾವು ಅರಸುವುದು ಬರಹದ ದಾಖಲೆಗಳನ್ನು: ಜ್ಞಾನಸ್ನಾನದ ದಫ್ತರಗಳು, ಮಿಷನರಿಗಳ ಪತ್ರಗಳು, ಧರ್ಮಾಧ್ಯಕ್ಷರ ಸುತ್ತೋಲೆಗಳು. ಬಟ್ಟೆಯನ್ನು ದಾಖಲೆಯೆಂದು ಓದುವ ರೂಢಿ ನಮ್ಮಲ್ಲಿಲ್ಲ. ಆದರೆ ಪವಿತ್ರ ಗ್ರಂಥದಲ್ಲಿ ಅಂಥ ಓದು ನಡೆದಿದೆ. ಪ್ರೇಷಿತರ ಕಾರ್ಯಕಲಾಪಗಳ 9ನೆಯ ಅಧ್ಯಾಯದಲ್ಲಿ, ಜೊಪ್ಪ ಪಟ್ಟಣದ ತಬಿಥಾ ತೀರಿಕೊಂಡಾಗ, ವಿಧವೆಯರು ಪೇತ್ರನ ಮುಂದೆ ಅವಳ ಗುಣಗಳನ್ನು ವಿವರಿಸುತ್ತಾ ಹೋಗಲಿಲ್ಲ. ಅವಳು ತಮ್ಮೊಡನೆ ಇದ್ದಾಗ ಮಾಡಿಕೊಟ್ಟ ಉಡುಪುಗಳನ್ನು ಅಳುತ್ತಾ ತೋರಿಸಿದರು. ಆ ಬಟ್ಟೆಗಳೇ ಅವಳ ಬಾಳಿನ ಸಾಕ್ಷ್ಯವಾದವು. ಈ ಲೇಖನದಲ್ಲಿ ನಾವು ಅಂಥ ಒಂದು ಸಾಕ್ಷ್ಯವನ್ನು, ಹೆಣ್ಣುಮಕ್ಕಳು ಒಟ್ಟಾಗಿ ಕುಳಿತು ಪ್ರೀತಿಯಿಂದ ಹೊಲಿದ ಮಾದರಿ ಬಟ್ಟೆಯನ್ನು, ಓದಲು ಯತ್ನಿಸುತ್ತೇವೆ.

ನೆನಪಿನ ಬಟ್ಟೆ, ಶಿಸ್ತಿನ ಬಟ್ಟೆ

ಇಂಗ್ಲಿಷಿನ 'ಸ್ಯಾಂಪ್ಲರ್' ಎಂಬ ಪದವು ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ 'ಎಕ್ಸೆಂಪ್ಲುಮ್' ಎಂಬುದರಿಂದ ಬಂದಿದೆ. ಮಾದರಿ, ಮೇಲ್ಪಂಕ್ತಿ ಎಂಬುದು ಅದರ ಅರ್ಥ. ಕಸೂತಿ ವಿನ್ಯಾಸಗಳ ಮುದ್ರಿತ ಪುಸ್ತಕಗಳು ಯೂರೋಪಿನಲ್ಲಿ ಕಾಣಿಸಿಕೊಂಡದ್ದು 16ನೆಯ ಶತಮಾನದಲ್ಲಿ. ಅದಕ್ಕೆ ಮುಂಚೆ, ಮತ್ತು ಪುಸ್ತಕ ಕೊಳ್ಳಲಾಗದವರಿಗೆ ಆ ಬಳಿಕವೂ, ಕಂಡ ಹೊಲಿಗೆಯನ್ನು ನೆನಪಿಡಲು ಇದ್ದ ದಾರಿ ಒಂದೇ: ಅದನ್ನು ಬಟ್ಟೆಯ ತುಂಡಿನ ಮೇಲೆ ತಾನೇ ಹೊಲಿದು ಇಟ್ಟುಕೊಳ್ಳುವುದು. ದಿನಾಂಕ ನಮೂದಾಗಿರುವ ಬ್ರಿಟನ್ನಿನ ಅತ್ಯಂತ ಹಳೆಯ ಮಾದರಿ ಬಟ್ಟೆ ಜೇನ್ ಬಾಸ್ಟಾಕ್ ಎಂಬವಳದು. 1598ರ ಈ ಬಟ್ಟೆ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಆಲಿಸ್ ಲೀ ಎಂಬ ಮಗುವಿನ ಜನನದ ಸಂಗತಿಯೂ ಅದರಲ್ಲಿ ಹೊಲಿಯಲ್ಪಟ್ಟಿದೆ. ವಿನ್ಯಾಸದ ನೆನಪಿನೊಡನೆ ಮನೆತನದ ನೆನಪೂ ಹೀಗೆ ಒಂದೇ ದಾರದಲ್ಲಿ ಉಳಿದು ಬಂದಿತು.

18 ಮತ್ತು 19ನೆಯ ಶತಮಾನಗಳಲ್ಲಿ ಮಾದರಿ ಬಟ್ಟೆ ಶಾಲೆಯೊಳಗೆ ಬಂದಿತು. ಬಾಲಕಿಯರು ಅದರ ಮೇಲೆ ಅಕ್ಷರಮಾಲೆ, ಅಂಕಿಗಳು, ಬೈಬಲ್ ವಚನಗಳನ್ನು ಹೊಲಿದರು. ಎಷ್ಟೋ ಹೆಣ್ಣುಮಕ್ಕಳಿಗೆ ಸೂಜಿಯೇ ಮೊದಲ ಲೇಖನಿಯಾಯಿತು. ಆದರೆ ಇದರ ಇನ್ನೊಂದು ಮುಖವನ್ನು ಮರೆಮಾಚಲಾಗದು. ವಿಧೇಯತೆ ಕಲಿಸಲೆಂದೇ ಆ ವಚನಗಳನ್ನು ಆರಿಸುತ್ತಿದ್ದುದೂ ಉಂಟು. ಅದೇ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು 1830ರ ಎಲಿಜಬೆತ್ ಪಾರ್ಕರ್ ಎಂಬವಳ ಬಟ್ಟೆಯಲ್ಲಿ ಹೂವಿಲ್ಲ, ಅಂಚಿಲ್ಲ. ಬಿಳಿಯ ಬಟ್ಟೆಯ ಮೇಲೆ ಕೆಂಪು ದಾರದ ಅಡ್ಡಹೊಲಿಗೆಯಲ್ಲಿ, ಮನೆಗೆಲಸದ ಹುಡುಗಿಯಾಗಿ ತಾನು ಉಂಡ ಕ್ರೌರ್ಯವನ್ನೂ ಸಾಯಲು ಯೋಚಿಸಿದ್ದನ್ನೂ ಅವಳು ಅಕ್ಷರ ಅಕ್ಷರವಾಗಿ ನಿವೇದಿಸಿಕೊಂಡಿದ್ದಾಳೆ. ತನ್ನ ಆತ್ಮದ ಗತಿಯೇನೆಂದು ಕೇಳುತ್ತಿರುವಾಗಲೇ ಬರಹ ನಿಂತುಬಿಡುತ್ತದೆ. ಶಿಸ್ತಿಗಾಗಿ ಕಲಿಸಿದ ಹೊಲಿಗೆ ಅವಳ ಕೈಯಲ್ಲಿ ಪಾಪನಿವೇದನೆಯ ಪೀಠವಾಯಿತು.

ಕನ್ನಡ ನಾಡಿನಲ್ಲಿ

ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದರು. 19ನೆಯ ಶತಮಾನದ ಮಿಷನ್ ಶಾಲೆಗಳಲ್ಲಿ, ಬಳಿಕ ಕಾನ್ವೆಂಟುಗಳಲ್ಲಿಯೂ, ಬಾಲಕಿಯರ ವಿದ್ಯಾಭ್ಯಾಸದಲ್ಲಿ ಹೊಲಿಗೆಗೆ ಖಚಿತವಾದ ಸ್ಥಾನವಿತ್ತು. ಆದರೆ ಆ ನಾಡು ಸೂಜಿಯನ್ನು ಆಗತಾನೇ ಕಂಡ ನಾಡಾಗಿರಲಿಲ್ಲ. ಧಾರವಾಡ ಸೀಮೆಯ ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ: ಗವಂತಿ, ಮುರಗಿ, ನೇಯ್ಗೆ, ಮೆಂತೆ. ಮೆಂತೆಯೆಂದರೆ ಎಲಿಜಬೆತ್ ಪಾರ್ಕರ್ ಬಳಸಿದ ಅದೇ ಅಡ್ಡಹೊಲಿಗೆ. ಹೋಗುವಾಗ ಒಂದು ಬಿಟ್ಟು ಒಂದರಂತೆ ಹೊಲಿದು, ಮರಳುವಾಗ ತೆರವುಗಳನ್ನು ತುಂಬುವ ಗವಂತಿಯನ್ನು ಯೂರೋಪಿನವರು ಚಿತ್ರಕಾರ ಹೋಲ್ಬೈನನ ಹೆಸರಿನಿಂದ ಕರೆಯುತ್ತಾರೆ. ಪರಸ್ಪರ ಕಾಣದ ಕೈಗಳು ಒಂದೇ ಹಾದಿ ಹಿಡಿದಿದ್ದವು.

ಕಸೂತಿಯಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದು, ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಇಳಕಲ್ ಸೀರೆಯ ಎಳೆಗಳನ್ನು ಎಣಿಸುತ್ತಾ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಮೂಡಿಸುತ್ತಾರೆ. ಎರಡನೆಯದು, ಗಂಟು ಹಾಕುವುದಿಲ್ಲ. ಗವಂತಿ, ಮುರಗಿಗಳಲ್ಲಿ ಬಟ್ಟೆಯ ಒಳಮೈಯೂ ಹೊರಮೈಯಂತೆಯೇ ಕಾಣಬೇಕು. ಇಲ್ಲಿ ಅಜ್ಜಿಯ ಸೀರೆಯ ಸೆರಗೇ ಮೊಮ್ಮಗಳಿಗೆ ಮಾದರಿ ಬಟ್ಟೆ. ಪಕ್ಕದಲ್ಲಿ ಕುಳಿತು, ನೋಡಿ, ಎಣಿಸಿ, ತಪ್ಪಿದರೆ ಬಿಚ್ಚಿ ಕಲಿಯುವುದೇ ಅಲ್ಲಿಯ ಪಾಠಕ್ರಮ.

ಹಿರಿಯೂರು ಸೀಮೆಯ ಕೌದಿ

1988ರಲ್ಲಿ ಸ್ಥಾಪಿತವಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದ ಚಿತ್ರದುರ್ಗ ಜಿಲ್ಲೆ ಕಸೂತಿಯ ತವರಲ್ಲ. ವೇದಾವತಿಯ ದಂಡೆಯ ಹಿರಿಯೂರು ಸೀಮೆಯಲ್ಲಿ ಮಳೆ ಕಡಿಮೆ. ರೇಷ್ಮೆ ದಾರಕ್ಕೆ ಹಣವಿಲ್ಲದ ಮನೆಗಳೇ ಹೆಚ್ಚು. ಇಲ್ಲಿಯ ಹೆಂಗಸರ ಹೊಲಿಗೆ ಕೌದಿ. ಹರಿದ ಸೀರೆ, ಹಳೆಯ ಪಂಚೆ, ಮಗುವಿನ ಅಂಗಿಯ ತುಂಡು, ಇವೆಲ್ಲವನ್ನೂ ಪದರ ಪದರವಾಗಿ ಹಾಸಿ, ಅಂಗಳದಲ್ಲಿ ಮೂಲೆಗೊಬ್ಬರು ಕುಳಿತು ಸಾಲು ಹಿಡಿದು ಹೊಲಿಯುತ್ತಾರೆ. ಅತ್ತೆಯ ಸಾಲಿನ ಪಕ್ಕದಲ್ಲಿ ಸೊಸೆಯ ಸಾಲು, ನೆರೆಯವಳ ಸಾಲಿನ ಪಕ್ಕದಲ್ಲಿ ಇನ್ನೂ ಕೈ ಕೂಡದ ಹುಡುಗಿಯ ಓರೆ ಸಾಲು. ಈ ಭಾಗದ ತಾಂಡಾಗಳಲ್ಲಿ ಲಂಬಾಣಿ ತಾಯಂದಿರು ಕನ್ನಡಿ, ಕವಡೆಗಳನ್ನು ಕೂಡಿಸಿ ಹೊಲಿಯುವ ಲಂಗ, ಕುಪ್ಪಸಗಳೂ ಇದೇ ಬಗೆಯ ಒಡನಾಟದ ಫಲ. ಆ ಕಲೆಗೆ ಬಳ್ಳಾರಿ ಸೀಮೆಯ ಸಂಡೂರಿನಲ್ಲಿ ಕುಶಲ ಕಲಾ ಕೇಂದ್ರದ ಆಸರೆ ಸಿಕ್ಕಿತು. ಅಲ್ಲಿಯ 450ಕ್ಕೂ ಹೆಚ್ಚು ಮಹಿಳೆಯರು ಹೊಲಿದ 1,755 ವಸ್ತುಗಳು 2023ರಲ್ಲಿ ಹಂಪಿಯಲ್ಲಿ ಪ್ರದರ್ಶನಗೊಂಡು ವಿಶ್ವದಾಖಲೆಯಾದವು. ಕೌದಿಗೆ ಅಂಥ ದಾಖಲೆಯಿಲ್ಲ. ಅದು ಹೊದ್ದು ಹೊದ್ದು ಸವೆಯುತ್ತದೆ. ಅದನ್ನು ಹೊಲಿದವರ ಹೆಸರೂ ಅದರೊಡನೆ ಸವೆದುಹೋಗುತ್ತದೆ.

ಮೇಲ್ಪಂಕ್ತಿಯ ದೈವಶಾಸ್ತ್ರ

ಪೇತ್ರನ ಮೊದಲನೆಯ ಪತ್ರದ 2ನೆಯ ಅಧ್ಯಾಯ, 21ನೆಯ ವಚನದಲ್ಲಿ, ಯಾತನೆಯನ್ನು ಸಹಿಸಿದ ಕ್ರಿಸ್ತರು ನಮಗೊಂದು ಮಾದರಿಯನ್ನು ಬಿಟ್ಟುಹೋದರೆಂದು ಹೇಳಿದೆ. ಅಲ್ಲಿಯ ಗ್ರೀಕ್ ಪದ 'ಹುಪೊಗ್ರಮ್ಮೋಸ್'. ಅಕ್ಷರ ಕಲಿಯುವ ಮಕ್ಕಳ ಮುಂದೆ ಇಡುತ್ತಿದ್ದ ಮೇಲ್ಪಂಕ್ತಿಗೆ ಈ ಹೆಸರಿತ್ತು. ಲ್ಯಾಟಿನ್ ಬೈಬಲಿನಲ್ಲಿ ಅದು 'ಎಕ್ಸೆಂಪ್ಲುಮ್' ಆಗಿದೆ. ಮಾದರಿ ಬಟ್ಟೆಯ ಹೆಸರಿನ ಬೇರೂ ಅದೇ. ಈ ಮಾದರಿಯನ್ನು ಅನುಸರಿಸುವುದೆಂದರೆ ಗೆರೆಯ ಮೇಲೆ ಗೆರೆ ಎಳೆಯುವುದೇ? ಕಸೂತಿಯ ಹೆಂಗಸರು ನಮಗೆ ಬೇರೊಂದು ಉತ್ತರ ಕಲಿಸುತ್ತಾರೆ. ಮಾದರಿ ಒಂದೇ ಆದರೂ, ಪ್ರತಿಯೊಬ್ಬಳೂ ತನ್ನ ಬಟ್ಟೆಯ ಎಳೆಗಳನ್ನು ತಾನೇ ಎಣಿಸಬೇಕು. ಪರಂಪರೆ ಕೈಯಿಂದ ಕೈಗೆ ದಾಟುವುದು ಹೀಗೆಯೇ ಹೊರತು ನಕಲಿನಿಂದಲ್ಲ. ಒಳಮೈಯೂ ಹೊರಮೈಯಂತಿರಬೇಕೆಂಬ ಅವರ ನಿಯಮವು ಕ್ರೈಸ್ತ ಬಾಳಿಗೆ ಬೇಕಾದ ಪರೀಕ್ಷೆಯೂ ಹೌದು.

ವಿಮೋಚನಾಕಾಂಡದ 35ನೆಯ ಅಧ್ಯಾಯವು ದೇವದರ್ಶನದ ಗುಡಾರಕ್ಕಾಗಿ ದುಡಿದ ಬೆಚಲೇಲ, ಒಹೊಲಿಯಾಬರನ್ನು ಹೆಸರಿಸುತ್ತದೆ. ಅದೇ ಗುಡಾರಕ್ಕೆ ನೂಲು ನೂತು ತಂದ ಜಾಣೆಯರಿಗೆ ಅಲ್ಲಿ ಹೆಸರಿಲ್ಲ. ನಮ್ಮ ಧರ್ಮಕೇಂದ್ರಗಳ ಶತಮಾನೋತ್ಸವದ ಸಂಚಿಕೆಗಳೂ ಬಹುಮಟ್ಟಿಗೆ ಹೀಗೆಯೇ ಇವೆ: ಗುರುಗಳ ಪಟ್ಟಿಯಿದೆ, ಕಟ್ಟಡಗಳ ಚಿತ್ರಗಳಿವೆ, ಬಲಿಪೀಠದ ವಸ್ತ್ರವನ್ನು ಹೊಲಿದವಳಿಲ್ಲ. ಈ ತಪ್ಪಿನಲ್ಲಿ ನಾವೂ ಪಾಲುದಾರರು. ಬಲಿಪೂಜೆಯಲ್ಲಿ ದಿನವೂ ಆ ಬಿಳಿಯ ವಸ್ತ್ರವನ್ನು ಬಿಚ್ಚಿ ಹಾಸಿದ್ದೇವೆ; ಅದರ ಮೇಲಿನ ಪುಟ್ಟ ಕೆಂಪು ಶಿಲುಬೆ ಯಾರ ಕೈಯದೆಂದು ಕೇಳಿದವರಲ್ಲ.

ಆದುದರಿಂದ ಧರ್ಮಕೇಂದ್ರಗಳ ಚರಿತ್ರೆ ಬರೆಯಲಿರುವ ನಮ್ಮ ಗುರುವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ದಫ್ತರಗಳನ್ನು ಓದಿ ಮುಗಿಸಿದ ಮೇಲೆ ಊರಿನ ಹಿರಿಯ ತಾಯಂದಿರ ಬಳಿಗೂ ಹೋಗಿರಿ. ಅವರ ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟಿರುವ ಬಟ್ಟೆಯನ್ನು ತೋರಿಸಿರೆಂದು ಕೇಳಿರಿ. ಜೊಪ್ಪದ ವಿಧವೆಯರ ಮುಂದೆ ಪೇತ್ರನು ನಿಂತು ನೋಡಿದಂತೆ ನೋಡಿರಿ. ಅದನ್ನು ಹೊಲಿದವರ ಹೆಸರನ್ನು, ಅವರು ಇನ್ನೂ ಹೇಳಬಲ್ಲವರಾಗಿರುವಾಗಲೇ, ಬರೆದುಕೊಳ್ಳಿರಿ.