ಹಲ್ಲಿನ ತಂತಿಗೊಂದು ಲಂಗರು

ಮುಂಚಾಚಿದ ಹಲ್ಲನ್ನು ಹಿಂದಕ್ಕೆಳೆಯಲು ದವಡೆಹಲ್ಲನ್ನು ಆಸರೆಯಾಗಿ ಬಳಸಿದರೆ, ನ್ಯೂಟನ್ನನ ಮೂರನೆಯ ನಿಯಮದಂತೆ ಆಸರೆಯ ಮೇಲೂ ಅಷ್ಟೇ ಬಲ ಬೀಳುತ್ತದೆ; ಅದೂ ಮುಂದಕ್ಕೆ ಸರಿಯುತ್ತದೆ. ಕದಲದ ಈ ಆಸರೆಯೇ ‘ಲಂಗರು’.

1920ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಆ್ಯಂಗಲ್ ‘ಎಡ್ಜ್‌ವೈಸ್’ ಸಾಧನವನ್ನು ರೂಪಿಸಿದರು. ಹಲ್ಲಿಗೆ ಲೋಹದ ಪಟ್ಟಿ, ಅದರ ಮೇಲೆ ಬ್ರಾಕೆಟ್, ಬ್ರಾಕೆಟ್ಟಿನ ಆಯತಾಕಾರದ ಸೀಳಿನಲ್ಲಿ ಕೂರುವ ಆಯತಾಕಾರದ ತಂತಿ. ಇದರಿಂದ ಹಲ್ಲಿನ ಬೇರನ್ನೂ ಬೇಕಾದತ್ತ ಸರಿಸಬಹುದಾಯಿತು. ಲಂಗರಿನ ತೊಡಕು ಮಾತ್ರ ಉಳಿಯಿತು. ತಲೆಗೆ ಸುತ್ತುವ ಪಟ್ಟಿಯನ್ನೇ ಆಸರೆ ಮಾಡಿದ್ದೂ ಉಂಟು. ಮಕ್ಕಳು ಅದನ್ನು ಬಿಚ್ಚಿಟ್ಟರೆ ಮುಗಿಯಿತು!

1945ರಲ್ಲಿ ಗೇನ್ಸ್‌ಫೋರ್ತ್ ಮತ್ತು ಹಿಗ್ಲಿ ನಾಯಿಗಳ ದವಡೆಮೂಳೆಗೇ ವೈಟಾಲಿಯಮ್ ತಿರುಪು ಕೂರಿಸಿದರು. ಸುಮಾರು ಒಂದು ತಿಂಗಳೊಳಗೆ ಎಲ್ಲವೂ ಸಡಿಲಗೊಂಡವು. 1983ರಲ್ಲಿ ಕ್ರೀಕ್‌ಮೋರ್ ಮತ್ತು ಎಕ್ಲಂಡ್ ಅಂಥದೇ ತಿರುಪಿನ ಆಸರೆಯಿಂದ ರೋಗಿಯೊಬ್ಬರ ಮೇಲಿನ ಬಾಚಿಹಲ್ಲುಗಳನ್ನು 6 ಮಿ.ಮೀ. ಮೇಲಕ್ಕೆ ಸರಿಸಿದರು. 1997ರಲ್ಲಿ ಜಪಾನಿನ ಕನೋಮಿ ವಿವರಿಸಿದ ಟೈಟೇನಿಯಮ್ ತಿರುಪಿನ ವ್ಯಾಸ ಕೇವಲ 1.2 ಮಿ.ಮೀ. ಇಷ್ಟು ಸಪೂರವಾದ ತಿರುಪು ಎರಡು ಬೇರುಗಳ ನಡುವಿನ ಮೂಳೆಯಲ್ಲೂ ಹಿಡಿಸುತ್ತದೆ.