ಮರಕ್ಕೆ ತೂಗಿದ ನೇಗಿಲು

ಗುಂಡ್ಲುಪೇಟೆಯಿಂದ ದಕ್ಷಿಣಾಭಿಮುಖವಾಗಿ ಹೊರಟು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುವ ಯಾತ್ರಿಕರು ಹಂಗಳವೆಂಬ ಗ್ರಾಮವನ್ನು ಹಾದುಹೋಗುವರು. ಬೆಟ್ಟದ ಮಂಜಿನ ಮೇಲೆ ಕಣ್ಣಿಟ್ಟವರಿಗೆ ಇಲ್ಲಿ ನಿಲ್ಲುವ ವ್ಯವಧಾನವೆಲ್ಲಿ? ಆದರೂ ಮೈಸೂರು ಸೀಮೆಯ ಕಂದಾಯದ ಚರಿತ್ರೆಯನ್ನು ಅರಿಯಬಯಸುವ ವಾಚಕರು ಈ ಊರಿನಲ್ಲಿ ಕ್ಷಣಕಾಲ ತಂಗುವುದು ಯುಕ್ತವಾಗಿದೆ. ದೊಡ್ಡದೇವರಾಜ ಒಡೆಯರ ಆಳ್ವಿಕೆಯಲ್ಲಿ ತರುಣ ಚಿಕ್ಕದೇವರಾಜರು ರಾಜಧಾನಿಗೆ ದೂರವಾಗಿ ಕಾವಲಿನಲ್ಲಿದ್ದುದು ಇಲ್ಲಿಯೇ. ಯಳಂದೂರಿನ ಜೈನ ವಿದ್ವಾಂಸರಾದ ವಿಶಾಲಾಕ್ಷ ಪಂಡಿತರು ಆಗ ಅವರ ಸಂಗಡಿಗರಾಗಿದ್ದರು.

1673ರಲ್ಲಿ ಪಟ್ಟವೇರಿದ ಚಿಕ್ಕದೇವರಾಜರು ಪಂಡಿತರನ್ನೇ ಪ್ರಧಾನರನ್ನಾಗಿ ಮಾಡಿಕೊಂಡರು. ಬೆಳೆಯಲ್ಲಿ ಆರನೆಯ ಒಂದು ಪಾಲು ಅರಸನದೆಂಬುದು ಶಾಸ್ತ್ರಸಮ್ಮತವಾದ ಮಾತು. ಅದನ್ನು ನೇರವಾಗಿ ಏರಿಸಿದರೆ ಅಪವಾದ ತಪ್ಪದು. ಆದಕಾರಣ ಷಷ್ಠಾಂಶವನ್ನು ಹಾಗೆಯೇ ಉಳಿಸಿ, ಅದರ ಸುತ್ತ ಬಗೆಬಗೆಯ ಚಿಲ್ಲರೆ ತೆರಿಗೆಗಳನ್ನು ವಿಧಿಸಿದರೆಂದು ವಿಲ್ಕ್ಸ್ ಸಾಹೇಬರು 1810ರಲ್ಲಿ ಪ್ರಕಟವಾದ ತಮ್ಮ ಚರಿತ್ರೆಯಲ್ಲಿ ಬರೆದಿದ್ದಾರೆ. ಹೊಲದಲ್ಲಿ ಧಾನ್ಯದೊಡನೆ ಹುಲ್ಲೂ ಬೆಳೆಯುವುದಷ್ಟೆ. ಆ ಹುಲ್ಲಿಗೂ ಹಣ. ಕೊಟ್ಟ ನಾಣ್ಯ ಸವೆದಿದ್ದೀತೆಂದು ಅದಕ್ಕೊಂದು ವಟ್ಟ. ಈ ಕಿರುಕುಳದಿಂದ ಬೇಸತ್ತ ರೈತನು ಹೆಚ್ಚಿನದೊಂದು ಮೊತ್ತಕ್ಕೆ ತಾನಾಗಿಯೇ ಒಪ್ಪಲೆಂಬುದು ಒಳಗಿನ ಉದ್ದೇಶ. ಎಂಥ ಜಾಣತನ! ಏರಿಕೆಯನ್ನು ಅರಸನು ಕೇಳಲಿಲ್ಲ, ಪ್ರಜೆಯೇ ಒಪ್ಪಿದನೆಂದು ಕಡತದಲ್ಲಿ ಬರೆಯಬಹುದಾಯಿತು.

ಇಂತಹ ಲೆಕ್ಕದ ಮೇಲೆ ಅಹವಾಲು ಹೇಳಿಕೊಳ್ಳುವುದು ಎಲ್ಲಿ? ಲೆಕ್ಕ ಹಾಕಿದ ಕಚೇರಿಯೇ ತೀರ್ಪಿನ ಕಚೇರಿಯೂ ಆಗಿದ್ದಿತು. ರೈತರು ಉಳುವುದನ್ನೇ ನಿಲ್ಲಿಸಿ, ಊರಬಾಗಿಲಿನ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ತೂಗಹಾಕಿದರು. ಅವರಿಗೆ ಬೆಂಬಲವಾಗಿ ನಿಂತ ಜಂಗಮರಲ್ಲಿ ನಾನೂರು ಮಂದಿಯನ್ನು ನಂಜನಗೂಡಿಗೆ ಕರೆಯಿಸಿ ಕೊಲ್ಲಿಸಿದರೆಂದು ವಿಲ್ಕ್ಸರ ಕಥನ. ಅದು ಘಟನೆಯಾಗಿ ಶತಮಾನ ಕಳೆದ ಮೇಲಿನ ಬರಹವಾದುದರಿಂದ ಹಯವದನರಾಯರಂತಹ ವಿದ್ವಾಂಸರು ಅದನ್ನು ಸಂಶಯದಿಂದಲೇ ನೋಡಿದ್ದಾರೆ. ನಾನೂರೆಂಬ ಸಂಖ್ಯೆಯನ್ನು ನಾವೂ ಆತುರದಿಂದ ನಂಬಬೇಕಾಗಿಲ್ಲ. ವಿಶಾಲಾಕ್ಷ ಪಂಡಿತರಾದರೋ 1686ರಲ್ಲಿ ಕೊಲೆಗೀಡಾದರು. ಹಂಗಳದ ವನವಾಸದಲ್ಲಿ ಜೊತೆಯಾಗಿದ್ದವರ ಗತಿ ಹೀಗಾಯಿತು. ಬೊಕ್ಕಸವು ಮಾತ್ರ ತುಂಬಿತು. ಅರಸರಿಗೆ ನವಕೋಟಿ ನಾರಾಯಣನೆಂಬ ಹೆಸರು ನಿಂತಿತು.

ಒಕ್ಕಲಿಗನ ಬಳಿಯಲ್ಲೇ ವರ್ಷಗಟ್ಟಲೆ ಬಾಳಿದವರಿಗೆ ಅವನ ಕಣಜದ ಅಳತೆ ತಿಳಿಯದೆ ಇದ್ದೀತೆ? ತಿಳಿದುದರಿಂದಲೇ ಹುಲ್ಲಿನವರೆಗೂ ಕೈ ಹೋಯಿತೆಂದು ನನ್ನ ಊಹೆ.

ಮುಂದೆ 1863ರಲ್ಲಿ ಆರಂಭವಾದ ಮೋಜಣಿಯಲ್ಲಿ ಮಣ್ಣಿನ ಗುಣ, ನೀರಿನ ಅನುಕೂಲ, ಸಂತೆಯ ದೂರ ಇವುಗಳನ್ನು ನೋಡಿ ಕಂದಾಯವನ್ನು ಮೂವತ್ತು ವರ್ಷಗಳಿಗೆ ಗೊತ್ತುಪಡಿಸಿದರು. ಅಷ್ಟು ಕಾಲ ಏರಿಕೆಯ ಭಯವಿಲ್ಲವೆಂಬುದು ಸಣ್ಣ ಮಾತಲ್ಲ. 1881ರ ದಸರಾ ಸಮಯದಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಕೂಡಿಸಿದಾಗ 144 ಮಂದಿ ಬಂದು ಕುಳಿತರು. ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಆದರೆ ಕಂದಾಯದ ಭಾರವನ್ನು ದಿವಾನರ ಎದುರಿನಲ್ಲಿ ಎದ್ದುನಿಂತು ಹೇಳಬಹುದಾಗಿತ್ತು. ಅದಕ್ಕಾಗಿ ನೇಗಿಲನ್ನು ಮರಕ್ಕೆ ಏರಿಸಬೇಕಾಗಿರಲಿಲ್ಲ.